ಕಾಲೇಜು ಕಟ್ಟಿಸುವವರು ಯಾರು?

ಸರ್ಕಾರಿ ಕಾಲೇಜಿನ ಹೊಸ ಕಟ್ಟಡ ಎರಡೇ ಮಳೆಗಾಲಕ್ಕೆ ಸೋರತೊಡಗಿದರೆ ಊರಿನವರ ತೀರ್ಪು ಸಿದ್ಧವಾಗಿಯೇ ಇರುತ್ತದೆ: ‘ಕಡಿಮೆ ರೇಟು ಹಾಕಿದವನಿಗೆ ಕೊಟ್ಟರೆ ಇನ್ನೇನಾಗುತ್ತೆ?’ ತೀರ್ಪಿನ ಬೆನ್ನಿಗೇ ಪರಿಹಾರವೂ ಬರುತ್ತದೆ. ಟೆಂಡರ್ ಗೊಡವೆ ಬೇಡ, ನಿರ್ಮಿತಿ ಕೇಂದ್ರಕ್ಕೆ ಕೊಡಿ. ಲ್ಯಾಂಡ್ ಆರ್ಮಿಗೆ ಕೊಡಿ. ಗೃಹ ಮಂಡಳಿಗೆ ಕೊಡಿ. ಇಲ್ಲವೇ ದೊಡ್ಡ ಕಂಪನಿಯೊಂದಕ್ಕೆ ಟರ್ನ್‌ಕೀ ಲೆಕ್ಕದಲ್ಲಿ ಒಪ್ಪಿಸಿ, ಕೊನೆಗೆ ಕೀಲಿಕೈ ಇಸಿದುಕೊಳ್ಳಿ. ಚನ್ನರಾಯಪಟ್ಟಣ ತಾಲ್ಲೂಕಿನ ಬಾಗೂರಿನಂಥ ಹೋಬಳಿ ಕೇಂದ್ರದಲ್ಲಿ ಪದವಿ ಕಾಲೇಜಿಗೆ ಕಟ್ಟಡ ಎಬ್ಬಿಸಬೇಕಾದರೆ ಇವುಗಳಲ್ಲಿ ಯಾವುದು ಸರಿ? ಒಂದೊಂದು ಪದ್ಧತಿಯೂ ಹೊಣೆಯನ್ನು ಯಾರ ಹೆಗಲಿಗೆ ಹೊರಿಸುತ್ತದೆ ಎಂದು ನೋಡಿದರೆ ಉತ್ತರ ಸಿಕ್ಕೀತು.

ಮೊದಲು ಈಗಿರುವ ಪದ್ಧತಿಗೆ ನ್ಯಾಯ ಸಲ್ಲಿಸೋಣ. ಇಲಾಖೆಯವರು ನಕ್ಷೆ ಬರೆಯುತ್ತಾರೆ, ಸರ್ಕಾರಿ ದರಪಟ್ಟಿಯ (ಎಸ್‌ಆರ್) ದರದಲ್ಲಿ ಅಂದಾಜು ಪಟ್ಟಿ ಮಾಡುತ್ತಾರೆ, ಟೆಂಡರ್ ಕರೆಯುತ್ತಾರೆ, ಅರ್ಹರಲ್ಲಿ ಕಡಿಮೆ ದರ ನಮೂದಿಸಿದವನಿಗೆ, ಅಂದರೆ ಎಲ್-1ಗೆ, ಕೆಲಸ ಸಿಗುತ್ತದೆ. ಇದು ಯಾರೋ ಜಿಪುಣ ಕಂಡುಹಿಡಿದ ಪದ್ಧತಿಯಲ್ಲ. ಕಾಮಗಾರಿಯನ್ನು ಚೂರುಚೂರು ಮಾಡಿ ತಮ್ಮವರಿಗೆ ಹಂಚುವ ತುಂಡು ಗುತ್ತಿಗೆಯನ್ನು ಕಂಡು ಬೇಸತ್ತ ರಾಜ್ಯಕ್ಕೆ 1999ರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ ಬೇಕಾಗಿತ್ತು. ಯಾರು ಎಷ್ಟು ಹಾಕಿದರು, ಯಾರಿಗೆ ಸಿಕ್ಕಿತು ಎಂಬುದನ್ನು ಇಂದು ಯಾರು ಬೇಕಾದರೂ ಪೋರ್ಟಲಿನಲ್ಲಿ ನೋಡಬಹುದು. ಸಣ್ಣ ಲಾಭವೇನಲ್ಲ ಅದು.

ಪದ್ಧತಿ ಸೋಲುವುದು ನೆಲ ಅಗೆಯಲು ಶುರುಮಾಡಿದ ಮೇಲೆ. ಪಾಯದ ಆಳ ಒಂದೂವರೆ ಮೀಟರ್ ಎಂದು ಅಂದಾಜು ಪಟ್ಟಿಯಲ್ಲಿದೆ ಎಂದಿಟ್ಟುಕೊಳ್ಳಿ. ಊರ ಹೊರಗಿನ ಗೋಮಾಳದಲ್ಲಿ, ಕೆರೆಯ ಹತ್ತಿರ, ಸಿಕ್ಕಿದ ಜಾಗ. ಅಗೆದರೆ ಒಂದೂವರೆ ಮೀಟರಿಗೂ ಜೇಡಿ. ಗಟ್ಟಿ ನೆಲ ಇನ್ನೂ ಒಂದು ಮೀಟರ್ ಕೆಳಗೆ. ಗುತ್ತಿಗೆದಾರ ಹೆಚ್ಚುವರಿ ಪರಿಮಾಣಕ್ಕೆ ಕಾಗದ ಬರೆಯುತ್ತಾನೆ, ಇಲಾಖೆಯ ಸಹಾಯಕ ಕಾರ್ಯಪಾಲಕ ಎಂಜಿನಿಯರ್ (ಎಇಇ) ಅದನ್ನು ಮೇಲಕ್ಕೆ ಕಳಿಸುತ್ತಾರೆ, ಪರಿಷ್ಕೃತ ಅಂದಾಜು ಮೇಜಿನಿಂದ ಮೇಜಿಗೆ ಸುತ್ತುತ್ತದೆ. ಮಂಜೂರಾದ ದುಡ್ಡು ಮಾತ್ರ ಮೊದಲಿನಷ್ಟೇ. ಕೊನೆಗೆ ಪಾಯ ನುಂಗಿದ ಹಣವನ್ನು ಮಹಡಿಯ ಗಿಲಾವು, ಶೌಚಾಲಯದ ಟೈಲ್ಸು, ಪ್ರಯೋಗಾಲಯದ ನೀರಿನ ಕೊಳವೆ ತೆರುತ್ತವೆ. ಮಣ್ಣು ಪರೀಕ್ಷೆ ಮಾಡಿಸದವರು ಯಾರು? ನಕ್ಷೆ ಬರೆದವರು ಗುತ್ತಿಗೆದಾರನತ್ತ, ಗುತ್ತಿಗೆದಾರ ಇಲಾಖೆಯತ್ತ ಕೈ ತೋರಿಸುತ್ತಾರೆ. ನಕ್ಷೆ ಒಬ್ಬರದು, ಕೈ ಇನ್ನೊಬ್ಬರದು ಆದಲ್ಲಿ ತಪ್ಪಿಗೆ ವಾರಸುದಾರರಿರುವುದಿಲ್ಲ.

ಟರ್ನ್‌ಕೀ ಅಥವಾ ‘ವಿನ್ಯಾಸವೂ ನಿನ್ನದೇ, ನಿರ್ಮಾಣವೂ ನಿನ್ನದೇ’ ಎನ್ನುವ ಪದ್ಧತಿ ಹುಟ್ಟಿದ್ದು ಈ ರೋಗಕ್ಕೆ ಮದ್ದಾಗಿ. ಒಂದೇ ಸಂಸ್ಥೆ, ಒಂದೇ ಮೊತ್ತ. ಪಾಯ ಆಳಕ್ಕೆ ಹೋದರೆ ನಷ್ಟ ಅವರದು. ಆದ್ದರಿಂದ ಮಣ್ಣು ಪರೀಕ್ಷೆಯನ್ನು ಅವರೇ ಮೊದಲು ಮಾಡಿಸುತ್ತಾರೆ. ಆದರೆ ಎಲ್ಲ ಕೆಲಸಕ್ಕೂ ಇದು ಹೊಂದುವುದಿಲ್ಲ. ಬಾಗೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೇಮಾವತಿಯ ನೀರನ್ನು ತುಮಕೂರಿನ ಕಡೆಗೆ ಒಯ್ಯುವ, ಸುಮಾರು ಹತ್ತು ಕಿಲೋಮೀಟರ್ ಉದ್ದದ ಬಾಗೂರು–ನವಿಲೆ ಸುರಂಗ ಅವರ ನೆಲದ ಅಡಿಯಲ್ಲೇ ಹಾದುಹೋಗಿದೆ. ಅಂಥ ಕೆಲಸದಲ್ಲಿ ಮುಂದಿನ ಮಾರಿನಲ್ಲಿ ಬಂಡೆಯೋ ಕುಸಿಯುವ ಮಣ್ಣೋ ಎಂದು ಯಾರೂ ಮೊದಲೇ ಹೇಳಲಾರರು. ಅಷ್ಟು ದೊಡ್ಡ ಅನಿಶ್ಚಿತತೆಯನ್ನು ಒಂದೇ ಮೊತ್ತಕ್ಕೆ ಗುತ್ತಿಗೆದಾರನ ತಲೆಗೆ ಕಟ್ಟಿದರೆ ಅವನು ಭಯದ ಬೆಲೆಯನ್ನೂ ಸೇರಿಸಿ ಹೇಳುತ್ತಾನೆ, ಇಲ್ಲವೇ ನಡುವೆ ಕೈಬಿಟ್ಟು ಓಡುತ್ತಾನೆ. ಅಲ್ಲಿ ಅಳೆದಷ್ಟಕ್ಕೆ ದುಡ್ಡು ಕೊಡುವುದೇ ಸರಿ. ಹನ್ನೆರಡು ಕೊಠಡಿಯ ಎರಡಂತಸ್ತಿನ ಕಾಲೇಜು ಹಾಗಲ್ಲ. ನಾಲ್ಕು ಕಡೆ ಗುಂಡಿ ತೋಡಿ ನೋಡಿದರೆ ನೆಲದ ಗುಟ್ಟು ಬಯಲಾಗುತ್ತದೆ. ಮಿಕ್ಕಿದ್ದೆಲ್ಲ ಗೊತ್ತಿದ್ದ ಕೆಲಸ. ಹೀಗಾಗಿ ಕಾಲೇಜಿಗೆ ಒಂದೇ ಕೈಯ ಹೊಣೆ ಒಪ್ಪುತ್ತದೆ.

ಒಪ್ಪುತ್ತದೆ, ಆದರೆ ಷರತ್ತಿದೆ. ಮೊತ್ತ ಗಟ್ಟಿಯಾದ ಮೇಲೆ ಉಳಿಸಿದ್ದೆಲ್ಲ ಕಟ್ಟುವವನ ಜೇಬಿಗೆ. ಕೇಳದೆ ಇದ್ದದ್ದನ್ನು ಅವನು ಕೊಡುವುದಿಲ್ಲ. ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ಪ್ರತಿ ಮೇಜಿಗೂ ನೀರು, ಗ್ಯಾಸು, ಆಮ್ಲ ಹೋಗಲು ಬೇರೆ ಚರಂಡಿ ಬೇಕೆಂದು, ಬೆಳಗಿನ ಮೊದಲ ಬಸ್ಸಿಗೇ ಬಂದು ತರಗತಿಗೆ ಕಾಯುವ ಹೆಣ್ಣುಮಕ್ಕಳಿಗೆ ಬಾಗಿಲು ಭದ್ರವಿರುವ ಒಂದು ಕೊಠಡಿ ಬೇಕೆಂದು ಬರೆದುಕೊಡುವವರು ಬೇಕು. ಅದನ್ನು ಬಲ್ಲವರು ಕಾಲೇಜಿನ ಮೇಷ್ಟ್ರುಗಳು. ಅವರನ್ನು ಕೇಳುವ ಪದ್ಧತಿ ನಮ್ಮಲ್ಲಿ ಗಟ್ಟಿಯಾಗಿಲ್ಲ.

ಇನ್ನು ನಮ್ಮಲ್ಲಿ ಬಹುವಾಗಿ ಬಳಕೆಯಾಗುವ ಅಡ್ಡದಾರಿಗೆ ಬರೋಣ. ಪಾರದರ್ಶಕತೆ ಕಾಯ್ದೆಯ 4(ಜಿ) ಕಲಮಿನಡಿ ಸರ್ಕಾರ ನಿರ್ದಿಷ್ಟ ಕಾಮಗಾರಿಗೆ ಟೆಂಡರಿನಿಂದ ವಿನಾಯಿತಿ ಕೊಟ್ಟು ಸರ್ಕಾರಿ ಸಂಸ್ಥೆಗೆ ನೇರವಾಗಿ ವಹಿಸಬಹುದು. ಈ ಸಂಸ್ಥೆಗಳ ಹುಟ್ಟಿನ ಉದ್ದೇಶ ಒಳ್ಳೆಯದೇ. 1974ರಲ್ಲಿ ಶುರುವಾದ ಲ್ಯಾಂಡ್ ಆರ್ಮಿ, ಅಂದರೆ ಈಗಿನ ಕೆಆರ್‌ಐಡಿಎಲ್, ಗ್ರಾಮೀಣರಿಗೆ ನೇರ ಕೂಲಿ ಕೊಡಲೆಂದು ಬಂತು. 1980ರ ದಶಕದಲ್ಲಿ ಕೇರಳದ ಕೊಲ್ಲಂನಲ್ಲಿ ಆರಂಭವಾದ ನಿರ್ಮಿತಿ ಕೇಂದ್ರದ ಕಲ್ಪನೆ ಕಡಿಮೆ ಖರ್ಚಿನ ತಂತ್ರಗಳನ್ನು ಗಾರೆಯವರಿಗೆ ಕಲಿಸಲೆಂದು ಬೆಳೆಯಿತು. ಸಂಸ್ಥೆ ತಾನೇ ಮೇಸ್ತ್ರಿಯನ್ನಿಟ್ಟು ತಾನೇ ಬಟವಾಡೆ ಮಾಡಿ ಕಟ್ಟಿಸಿದರೆ ಆಕ್ಷೇಪಿಸಲು ಏನೂ ಇಲ್ಲ. ಕೆಲಸ ಹೆಸರಿಗೆ ಸಂಸ್ಥೆಯದಾಗಿ, ಕೈಬದಲಾಗಿ ಊರಿನದೇ ಒಬ್ಬ ಗುತ್ತಿಗೆದಾರನಿಗೆ ಇಳಿದರೆ ಸ್ಪರ್ಧೆಯೂ ಹೋಯಿತು, ಹೊಣೆಯೂ ಹೋಯಿತು. ಟೆಂಡರಿನ ದೋಷಕ್ಕೆ ಟೆಂಡರನ್ನೇ ತೆಗೆಯುವುದು ನೆಗಡಿಯೆಂದು ಮೂಗು ಕೊಯ್ದುಕೊಂಡಂತೆ.

ಹಳ್ಳಿಗರು ತಾವೇ ಕಟ್ಟಿಸಿದ ಉದಾಹರಣೆಯೂ ನಮ್ಮಲ್ಲಿದೆ. ಸರ್ವ ಶಿಕ್ಷಣ ಅಭಿಯಾನದ ತರಗತಿ ಕೊಠಡಿಗಳನ್ನು ಗುತ್ತಿಗೆದಾರರಿಗೆ ಕೊಡದೆ ಶಾಲಾ ಸಮುದಾಯವೇ ಕಟ್ಟಿಸಬೇಕೆಂಬುದು ಆ ಯೋಜನೆಯ ನಿಯಮವಾಗಿತ್ತು. ಮುಖ್ಯೋಪಾಧ್ಯಾಯರು ಪಾಠದ ಜೊತೆಗೆ ಸಿಮೆಂಟ್ ಚೀಲದ ಲೆಕ್ಕವನ್ನೂ ಬರೆಯಬೇಕಾಯಿತು; ಅದು ಹೊರೆಯೇ. ಎರಡಂತಸ್ತಿನ ಆರ್‌ಸಿಸಿ ಕಟ್ಟಡವನ್ನು ಹಾಗೆ ಕಟ್ಟಿಸಲಾಗದು. ಆದರೂ ಅದರಿಂದ ಕಲಿಯುವುದಿದೆ: ತನ್ನ ಮಗು ಕೂರುವ ಕೊಠಡಿಯ ಗೋಡೆಗೆ ಸರಿಯಾಗಿ ನೀರು ಹಾಕಿದರೇ ಎಂದು ನೋಡಲು ತಂದೆತಾಯಿಗೆ ಯಾರೂ ಭತ್ಯೆ ಕೊಡಬೇಕಿಲ್ಲ.

ನೋಡುವ ಕಣ್ಣು ಇಲ್ಲದಿದ್ದರೆ ಎಷ್ಟು ಹೊಸ ಪದ್ಧತಿಯೂ ಕೈಕೊಡುತ್ತದೆ ಎಂಬುದಕ್ಕೆ ಸ್ಕಾಟ್ಲೆಂಡಿನ ಎಡಿನ್‌ಬರೊ ನಗರ ಸಾಕ್ಷಿ. ಅಲ್ಲಿ ಖಾಸಗಿ ಸಹಭಾಗಿತ್ವದಲ್ಲಿ ಕಟ್ಟಿದ ಆಕ್ಸ್‌ಗ್ಯಾಂಗ್ಸ್ ಪ್ರಾಥಮಿಕ ಶಾಲೆಯ ಗೋಡೆಯೊಂದು 2016ರ ಜನವರಿಯ ಬಿರುಗಾಳಿಗೆ ಉರುಳಿತು. ಸುಮಾರು ಒಂಬತ್ತು ಟನ್ ಇಟ್ಟಿಗೆ. ಮಕ್ಕಳು ಬರುವ ಹೊತ್ತಾಗಿರಲಿಲ್ಲ. ತಪಾಸಣೆ ಮುಂದುವರಿದಂತೆ ಹದಿನೇಳು ಶಾಲೆಗಳನ್ನು ಮುಚ್ಚಬೇಕಾಯಿತು, ಏಳು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಬೇರೆಡೆ ಕೂರಿಸಬೇಕಾಯಿತು. ಒಳಗೋಡೆ ಹೊರಗೋಡೆಗಳನ್ನು ಹಿಡಿದಿಡುವ ಕಬ್ಬಿಣದ ಕೊಂಡಿಗಳು ಗಾರೆಯೊಳಗೆ ಸಾಕಷ್ಟು ಆಳಕ್ಕೆ ಹೋಗಿರಲಿಲ್ಲ. ಕಟ್ಟುವಾಗ ಎರಡು ನಿಮಿಷ ಬಗ್ಗಿ ನೋಡಿದ್ದರೆ ಕಾಣುತ್ತಿತ್ತು; ಗೋಡೆ ಮುಚ್ಚಿದ ಮೇಲೆ ಯಾರಿಗೂ ಕಾಣದು. 2017ರಲ್ಲಿ ಜಾನ್ ಕೋಲ್ ಕೊಟ್ಟ ತನಿಖಾ ವರದಿ ದೂರಿದ್ದು ಹಣ ಹೂಡಿದ ಬಗೆಯನ್ನಲ್ಲ, ಮೇಲ್ವಿಚಾರಣೆಯ ಕೊರತೆಯನ್ನು. ಕಟ್ಟುವವರೇ ತಮ್ಮ ಕೆಲಸ ಸರಿಯಿದೆ ಎಂದು ಬರೆದುಕೊಂಡಿದ್ದರು, ಮಾಲೀಕರು ಅದನ್ನು ನಂಬಿದ್ದರು.

ಹಾಗಾದರೆ ಎಲ್-1 ಬಿಟ್ಟು ಗುಣಮಟ್ಟಕ್ಕೂ ಅಂಕ ಕೊಡಬಾರದೇ? ಕೇಂದ್ರ ಹಣಕಾಸು ಸಚಿವಾಲಯ 2021ರ ಅಕ್ಟೋಬರಿನಲ್ಲಿ ಹೊರಡಿಸಿದ ಸೂಚನೆಗಳು ಆಯ್ದ ಕಾಮಗಾರಿಗಳಿಗೆ ಅದಕ್ಕೆ ಅವಕಾಶ ಕೊಟ್ಟಿವೆ. ಗುಣಮಟ್ಟದ ಪಾಲು ಶೇ 30 ಮೀರುವಂತಿಲ್ಲ. ಅಂಕ ಹಾಕುವ ಕೈಯನ್ನು ನಂಬುವುದು ಹೇಗೆ ಎಂಬ ಆಕ್ಷೇಪ ಹಗುರದ್ದಲ್ಲ. ಅದೇ ವರ್ಷ ನಮ್ಮ ರಾಜ್ಯದ ಗುತ್ತಿಗೆದಾರರ ಸಂಘ ಕಮಿಷನ್ ಹಾವಳಿಯ ಬಗ್ಗೆ ಪ್ರಧಾನಿಗೆ ಪತ್ರ ಬರೆದಿತ್ತು. ಅದಕ್ಕೇ ಆ ಸೂಚನೆಗಳಲ್ಲಿ ನನಗೆ ಹೆಚ್ಚು ಬೆಲೆಯದೆನಿಸುವುದು ಇನ್ನೊಂದು ಮಾತು: ಸಲ್ಲಿಸಿದ ಬಿಲ್ಲಿನ ಶೇ 75ರಷ್ಟನ್ನಾದರೂ ಹತ್ತು ಕೆಲಸದ ದಿನಗಳಲ್ಲಿ ಪಾವತಿಸಬೇಕು. ಹಣ ಬಿಡುಗಡೆಯ ಪತ್ರಕ್ಕಾಗಿ (ಎಲ್‌ಒಸಿ) ವರ್ಷಗಟ್ಟಲೆ ಕಾಯುವ ಗುತ್ತಿಗೆದಾರ ಆ ಕಾಯುವಿಕೆಯ ಬಡ್ಡಿಯನ್ನು ಕಬ್ಬಿಣದಲ್ಲಿ ಉಳಿಸಲು ನೋಡುತ್ತಾನೆ. ದುಡ್ಡು ಸಕಾಲಕ್ಕೆ ಸಿಗುತ್ತದೆಂದರೆ ಮರ್ಯಾದಸ್ಥ ಗುತ್ತಿಗೆದಾರರೂ ಟೆಂಡರಿಗೆ ಬರುತ್ತಾರೆ.

ಒಟ್ಟಿನಲ್ಲಿ ನನ್ನ ಅಭಿಮತ ಇಷ್ಟು. ಬಾಗೂರಿನಂಥ ಊರಿನ ಕಾಲೇಜಿಗೆ ಮುಕ್ತ ಟೆಂಡರಿನ ಮೂಲಕವೇ ವಿನ್ಯಾಸ ಮತ್ತು ನಿರ್ಮಾಣವನ್ನು ಒಂದೇ ಕೈಗೆ ಕೊಡಲಿ. 4(ಜಿ) ವಿನಾಯಿತಿ ನೆರೆ–ಬೆಂಕಿಯಂಥ ತುರ್ತಿಗೆ ಮೀಸಲಿರಲಿ. ಟೆಂಡರ್ ಕರೆಯುವ ಮುನ್ನ ಕಾಲೇಜಿನ ಅಧ್ಯಾಪಕರು ಬರೆದ ಅಗತ್ಯಗಳ ಪಟ್ಟಿ ಕರಾರಿನ ಭಾಗವಾಗಲಿ. ಗುತ್ತಿಗೆದಾರನಿಂದಲೂ ಇಲಾಖೆಯಿಂದಲೂ ಸಂಬಳ ಪಡೆಯದ ಒಬ್ಬ ಎಂಜಿನಿಯರ್ ಕಂಬಿ ಮುಚ್ಚುವ ಮುನ್ನ, ಗೋಡೆ ಮುಚ್ಚುವ ಮುನ್ನ ನೋಡಿ ರುಜು ಹಾಕಲಿ. ಹಾಸನದ ಎಂಜಿನಿಯರಿಂಗ್ ಕಾಲೇಜುಗಳ ಸಿವಿಲ್ ವಿಭಾಗಗಳಿಗೆ ಈ ಕೆಲಸ ವಹಿಸಬಹುದು. ಕೊನೆಯ ಕಂತು, ಭದ್ರತಾ ಠೇವಣಿ ಎರಡೂ ಪ್ರಾಂಶುಪಾಲರ ಒಪ್ಪಿಗೆಯಿಲ್ಲದೆ ಬಿಡುಗಡೆಯಾಗದಿರಲಿ, ಅದೂ ಎರಡು ಮಳೆಗಾಲ ಕಳೆದ ಮೇಲೆ. ಇಂದು ಪ್ರಾಂಶುಪಾಲರು ಗುದ್ದಲಿ ಪೂಜೆಯ ದಿನ ಶಾಸಕರ ಪಕ್ಕದಲ್ಲಿ ನಿಲ್ಲುತ್ತಾರೆ, ಉದ್ಘಾಟನೆಯ ದಿನ ಕೀಲಿಕೈ ಪಡೆಯುತ್ತಾರೆ. ನಡುವಿನ ಎರಡು ಮೂರು ವರ್ಷ ಅವರು ತಮ್ಮದೇ ಕಾಲೇಜಿಗೆ ಹೊರಗಿನವರು. ಅವರ ರುಜುವಿಗೆ ಬೆಲೆ ಬರುವವರೆಗೆ ಗುತ್ತಿಗೆಯ ಪದ್ಧತಿ ಎಷ್ಟು ಬದಲಾದರೂ ಬದಲಾಗುವುದು ಫಲಕದ ಮೇಲಿನ ಸಂಸ್ಥೆಯ ಹೆಸರು ಮಾತ್ರ.