ಬಾಣಂತಿ ಮನೆಗೆ ಕ್ಯಾಮ್‌ಕಾರ್ಡರ್: ಒಂದೇ ಕೈಯಲ್ಲಿ ಆನ್ ಆಗಬೇಕು

ಆಫೀಸಿನಲ್ಲಿ ಯಾರಿಗಾದರೂ ಮಗು ಆಯ್ತು ಅಂದರೆ ವಾಟ್ಸಾಪ್ ಗ್ರೂಪಿನಲ್ಲಿ ಬರೋದು ಮೂರೇ ಐಡಿಯಾ: ಬೆಳ್ಳಿ ಲೋಟ, ಡೈಪರ್ ಬುಟ್ಟಿ, ಗಿಫ್ಟ್ ಕಾರ್ಡ್. ಈ ಸಲ ನಮ್ಮ ಟೀಮ್‌ನ 15 ಜನ ತಲಾ 1,500 ರೂಪಾಯಿ ಹಾಕಿದ್ವಿ. ಒಟ್ಟು 22,500. 'ಕ್ಯಾಮ್‌ಕಾರ್ಡರ್ ಕೊಡೋಣ' ಅಂತ ಒಬ್ಬರು ಅಂದ್ರು. ಆರಿಸುವ ಕೆಲಸ ನನ್ನ ತಲೆಗೆ ಬಂತು.

ತಕ್ಷಣ ಬಂದ ಪ್ರಶ್ನೆ, 'ಫೋನ್ ಇರುವಾಗ ಇದ್ಯಾಕೆ?' ನ್ಯಾಯವಾದ ಪ್ರಶ್ನೆ. ಈ ಬೆಲೆಯ ಕ್ಯಾಮ್‌ಕಾರ್ಡರ್‌ಗಳ ಸೆನ್ಸರ್ ಪುಟ್ಟದು. ಸೋನಿಯ ಎಚ್‌ಡಿಆರ್-ಸಿಎಕ್ಸ್405 ತಗೊಳ್ಳಿ, ಅದರದ್ದು 1/5.8 ಇಂಚು. ನಿಮ್ಮ ಜೇಬಿನ ಫೋನಿನ ಮುಖ್ಯ ಕ್ಯಾಮೆರಾದ ಸೆನ್ಸರ್ ಬಹುಶಃ ಇದಕ್ಕಿಂತ ದೊಡ್ಡದೇ. ಮಂದ ಬೆಳಕಿನಲ್ಲಿ ಫೋನೇ ಗೆಲ್ಲುತ್ತೆ, ಅದರಲ್ಲಿ ವಾದ ಇಲ್ಲ.

ಆದರೆ ಫೋನಿಗೆ ಲಾಕ್ ಇದೆ. ಕಾಲ್ ಬರುತ್ತೆ. ಸರಿಯಾದ ಹೊತ್ತಿಗೇ 'ಸ್ಟೋರೇಜ್ ಫುಲ್' ಅನ್ನುತ್ತೆ. ಎಲ್ಲಕ್ಕಿಂತ ಮುಖ್ಯ, ಅದು ಒಬ್ಬರ ಸ್ವಂತ ವಸ್ತು. ಬಾಣಂತನಕ್ಕೆ ಬಂದ ಅಮ್ಮನೋ ಅತ್ತೆಯೋ ಮಗಳ ಫೋನ್ ತೆಗೆದು ಶೂಟ್ ಮಾಡೋದು ಕಡಿಮೆ. ಹಾಗಾಗಿ ಫೋನ್ ಹಿಡಿದಿರುವ ತಾಯಿ ಯಾವ ವಿಡಿಯೋದಲ್ಲೂ ಇರೋದೇ ಇಲ್ಲ. ಕಪಾಟಿನ ಮೇಲೆ ಎಲ್ಲರ ಕೈಗೂ ಸಿಗುವ ಹಾಗೆ ಕೂತಿರುವ ಕ್ಯಾಮೆರಾಕ್ಕೆ ಬೆಲೆ ಇರೋದು ಇಲ್ಲಿ.

ಹಾಗಾದರೆ ಏನು ನೋಡಬೇಕು?

ಕೈ. ಎಡಗೈಯಲ್ಲಿ ಮಗು ಇದೆ, ಮೂರು ರಾತ್ರಿಯಿಂದ ನಿದ್ದೆ ಇಲ್ಲ. ಆ ಸ್ಥಿತಿಯಲ್ಲಿ ಮೆನು ಹುಡುಕಲು ಆಗಲ್ಲ. ಸ್ಕ್ರೀನ್ ಬಿಡಿಸಿದರೆ ಆನ್ ಆಗಬೇಕು, ಒಂದು ಗುಂಡಿ ಒತ್ತಿದರೆ ರೆಕಾರ್ಡ್ ಆಗಬೇಕು. ಸಿಎಕ್ಸ್405 ಹೀಗೇ ಕೆಲಸ ಮಾಡುತ್ತೆ; ಕೈಪಟ್ಟಿಯಲ್ಲೇ ಯುಎಸ್‌ಬಿ ಕೇಬಲ್ ಅಡಗಿದೆ, ಬೇರೆ ಕೇಬಲ್ ಕಳೆದುಹೋಗುವ ರಗಳೆ ಇಲ್ಲ. ಈ ವರ್ಗದಲ್ಲಿ ಹೊಸ ಮಾಡೆಲ್‌ಗಳು ಬರೋದು ತೀರಾ ಕಡಿಮೆಯಾಗಿದೆ. ಆದ್ದರಿಂದ ಯಾವ ಕಂಪನಿಯದ್ದೇ ಸಿಗಲಿ, ಅಂಗಡಿಯಲ್ಲಿ ಈ ಒಂದು ಕೈ ಪರೀಕ್ಷೆ ಮಾಡಿ.

ಜಾಗ. ಡಬ್ಬಿಯ ಮೇಲೆ ದೊಡ್ಡದಾಗಿ ಬರೆಯೋದು ಜೂಮ್. ಹತ್ತಡಿ ಕೋಣೆಯಲ್ಲಿ 30 ಪಟ್ಟು ಜೂಮ್ ಇಟ್ಕೊಂಡು ಏನು ಮಾಡ್ತೀರಿ? ಅಲ್ಲಿ ಬೇಕಾದ್ದು ಅಗಲ. ತೊಟ್ಟಿಲು, ಅಜ್ಜಿ, ಅಣ್ಣನಾಗಿ ಬಡ್ತಿ ಪಡೆದ ಮೂರು ವರ್ಷದ ಹುಡುಗ, ಎಲ್ಲರೂ ಫ್ರೇಮ್‌ಗೆ ಬರಬೇಕು. 26ರಿಂದ 28 ಎಂಎಂನಿಂದ ಶುರುವಾಗುವ ಲೆನ್ಸ್ ಸಾಕು. ಜೂಮ್ ಸ್ಕೂಲ್ ಡೇ ಬಂದಾಗ ನೆರವಿಗೆ ಬರುತ್ತೆ. ಆಪ್ಟಿಕಲ್ ಸ್ಟೆಬಿಲೈಸೇಷನ್ ಮಾತ್ರ ಈಗಲೇ ಇರಲಿ. ನಿದ್ದೆಗೆಟ್ಟ ಕೈ ನಡುಗುತ್ತೆ.

ಬೆಳಕು. 'ಅಮೆರಿಕದಿಂದ ಬರುವವರ ಹತ್ತಿರ ತರಿಸೋಣ, ಅಗ್ಗ' ಅಂತ ಯಾರಾದರೂ ಖಂಡಿತ ಹೇಳ್ತಾರೆ. ಬೇಡ. ಅಲ್ಲಿನ ಕರೆಂಟ್ 60 ಹರ್ಟ್ಸ್, ನಮ್ಮದು 50. ಅಲ್ಲಿಗಾಗಿ ತಯಾರಾದ, ಸೆಕೆಂಡಿಗೆ 60ರ ಲೆಕ್ಕದಲ್ಲಿ ಓಡುವ ಕ್ಯಾಮ್‌ಕಾರ್ಡರ್ ನಮ್ಮ ಟ್ಯೂಬ್‌ಲೈಟಿನ ಕೆಳಗೆ ಮಿಣಮಿಣ ಅನ್ನುವ ವಿಡಿಯೋ ಕೊಡಬಹುದು. ಜೊತೆಗೆ ಇಲ್ಲಿ ವಾರಂಟಿಯ ತಾಪತ್ರಯ. ಇಲ್ಲಿಯ ಬಿಲ್ ಇರುವುದನ್ನೇ ತಗೊಳ್ಳಿ.

ದನಿ. ನನಗೆ ಇದು ಎಲ್ಲಕ್ಕಿಂತ ದೊಡ್ಡ ವಿಷಯ, ಕಾರಣ ಇದೆ. ನನ್ನ ನಾಮಕರಣದ ವಿಎಚ್‌ಎಸ್ ಕ್ಯಾಸೆಟ್ ನಮ್ಮ ಮನೆಯಲ್ಲಿತ್ತು. ಈಚೆಗೆ ಅದನ್ನು ಡಿಜಿಟಲ್ ಮಾಡಿಸಿದೆ. ತೊಟ್ಟಿಲ ಪಕ್ಕ ಅಜ್ಜಿ ಕೂತು ಜೋಗುಳ ಹಾಡ್ತಿದ್ದಾರೆ. ತುಟಿ ಆಡೋದು ಕಾಣುತ್ತೆ, ಹಾಡು ಕೇಳಲ್ಲ. ಆಗಿನ ರೂಢಿಯಂತೆ ಇಡೀ ಕ್ಯಾಸೆಟ್‌ಗೆ ಸಿನಿಮಾ ಹಾಡು ಕೂರಿಸಿದ್ದಾರೆ. ಅಜ್ಜಿ ಹೋಗಿ 19 ವರ್ಷ ಆಯ್ತು. ಅವರ ದನಿ ಇನ್ನೆಲ್ಲೂ ಇಲ್ಲ. ಯಾವ ಹಾಡು ಅಂತ ಅಮ್ಮ ತುಟಿ ನೋಡಿಯೇ ಊಹೆ ಮಾಡಿದರು.

ಆದ್ದರಿಂದ ಅಂಗಡಿಯಲ್ಲಿ ಒಂದು ನಿಮಿಷ ರೆಕಾರ್ಡ್ ಮಾಡಿ, ಇಯರ್‌ಫೋನ್‌ನಲ್ಲಿ ಕೇಳಿ. ಐದಾರು ಅಡಿ ದೂರದ ಮಾತು ಸ್ಪಷ್ಟವಾಗಿದ್ದರೆ ಸರಿ. ಸಿಎಕ್ಸ್405ಗೆ ಹೊರಗಿನ ಮೈಕ್ ಹಾಕುವ ತೂತು ಇಲ್ಲ, ಅದರೊಳಗಿನ ಮೈಕನ್ನೇ ನಂಬಬೇಕು. ಮನೆಯೊಳಗೆ ಶೂಟ್ ಮಾಡುವಾಗ ಫ್ಯಾನಿನ ಸದ್ದು ತಪ್ಪಿಸಿಕೊಂಡರೆ ಅರ್ಧ ಗೆದ್ದ ಹಾಗೆ.

ಕಾರ್ಡ್. ದುಬಾರಿ ಕಾರ್ಡ್ ಬೇಡ. ಫುಲ್ ಎಚ್‌ಡಿ ಸುಮಾರು 17 ಎಂಬಿಪಿಎಸ್ ಅಂದುಕೊಳ್ಳಿ; ಸೆಕೆಂಡಿಗೆ 2 ಎಂಬಿ ಚಿಲ್ಲರೆ. ಕ್ಲಾಸ್ 10 ಕಾರ್ಡ್ ಕನಿಷ್ಠ 10 ಎಂಬಿ ಬರೆಯುತ್ತೆ, ಧಾರಾಳ ಆಯ್ತು. ಗಂಟೆಗೆ ಹತ್ತಿರ ಹತ್ತಿರ 8 ಜಿಬಿ. 64 ಜಿಬಿ ಕಾರ್ಡಿನಲ್ಲಿ ಏಳೆಂಟು ಗಂಟೆ ಹಿಡಿಸುತ್ತೆ. ಉಳಿದ ದುಡ್ಡಿಗೆ ಇನ್ನೊಂದು ಬ್ಯಾಟರಿ ತಗೊಳ್ಳಿ, ಒಂದು ಪುಟ್ಟ ಟ್ರೈಪಾಡ್ ಕೂಡ. ತಾಯಿ ಫ್ರೇಮ್ ಒಳಗೆ ಬರೋದು ಟ್ರೈಪಾಡ್‌ನಿಂದಲೇ.

ಬ್ಯಾಕಪ್ ಮರೆಯಬೇಡಿ. ಗೂಗಲ್ ಫೋಟೋಸ್‌ನ ಮಿತಿಯಿಲ್ಲದ ಉಚಿತ ಜಾಗ 2021ರ ಜೂನ್ 1ಕ್ಕೆ ಮುಗಿಯಿತು. ಈಗಿನ ಉಚಿತ 15 ಜಿಬಿಗೆ ಇಂಥ ಎರಡು ಗಂಟೆ ವಿಡಿಯೋ ಹಾಕಿದರೆ ಮುಗೀತು, ಅದರಲ್ಲೇ ಜಿಮೇಲ್ ಕೂಡ ಇರಬೇಕು. ಫ್ಯಾಮಿಲಿ ಗ್ರೂಪಿಗೆ ಕಳಿಸಿದ್ದು ಬ್ಯಾಕಪ್ ಅಲ್ಲ, ವಾಟ್ಸಾಪ್ ವಿಡಿಯೋವನ್ನು ಕುಗ್ಗಿಸುತ್ತೆ. ತಿಂಗಳಿಗೊಮ್ಮೆ ಒಂದು ಹಾರ್ಡ್‌ಡಿಸ್ಕಿಗೆ ಹಾಕುವ ಕೆಲಸ ಗೆಳೆಯರಾದ ನೀವೇ ವಹಿಸಿಕೊಂಡರೆ ಇನ್ನೂ ಒಳ್ಳೆಯದು.

ಕೊಡುವ ಮುನ್ನ. ಡಬ್ಬಿ ಬಿಚ್ಚದೆ ಬಣ್ಣದ ಕಾಗದ ಸುತ್ತಿ ಕೊಟ್ಟರೆ ಅದು ಕಪಾಟಿನಲ್ಲಿ ಡಬ್ಬಿಯಾಗಿಯೇ ಉಳಿಯುತ್ತೆ. ಮೊದಲೇ ಬಿಚ್ಚಿ. ಚಾರ್ಜ್ ಮಾಡಿ, ಕಾರ್ಡ್ ಹಾಕಿ ಫಾರ್ಮ್ಯಾಟ್ ಮಾಡಿ, ತಾರೀಖು ಸಮಯ ಸರಿಯಾಗಿ ಹಾಕಿ. ಇಲ್ಲದಿದ್ದರೆ ಮೊದಲ ನಗು ಯಾವ ದಿನದ್ದು ಅಂತ ಐದು ವರ್ಷ ಆದ ಮೇಲೆ ಯಾರಿಗೂ ಗೊತ್ತಾಗಲ್ಲ. ಭಾಷೆ, ಕ್ವಾಲಿಟಿ ಎಲ್ಲ ನೀವೇ ಸೆಟ್ ಮಾಡಿಬಿಡಿ. ಕೆಲವು ಮನೆಗಳಲ್ಲಿ ದೃಷ್ಟಿ ಆಗುತ್ತೆ ಅಂತ ನಾಮಕರಣದವರೆಗೆ ಫೋಟೋ ತೆಗೆಯಲ್ಲ. ಹಿರಿಯರನ್ನು ಒಂದು ಮಾತು ಕೇಳಿಯೇ ಕೊಡಿ. ದಂಪತಿ 'ನಮಗೆ ಫೋನೇ ಸಾಕು' ಅಂದರೆ ಬಲವಂತ ಬೇಡ. ಅದೇ ದುಡ್ಡಿನಲ್ಲಿ ಟ್ರೈಪಾಡ್, ಹಾರ್ಡ್‌ಡಿಸ್ಕ್ ಕೊಟ್ಟು ಮಿಕ್ಕಿದ್ದನ್ನು ಬೆಳ್ಳಿ ಲೋಟಕ್ಕೆ ಹಾಕಿ.

ಕ್ಯಾಮೆರಾ ಜೊತೆ ಒಂದು ಚೀಟಿಯೂ ಇರಲಿ. ನಾವು ಇಟ್ಟ ಚೀಟಿಯಲ್ಲಿ ಮೂರೇ ಸಾಲು: ದಿನಾ ಒಂದು ನಿಮಿಷ ಸಾಕು. ಎಣ್ಣೆ ನೀರು ಹಾಕುವಾಗ ಅಜ್ಜಿ ಮಗುವಿನ ಜೊತೆ ಆಡುವ ಮಾತು ತಪ್ಪದೆ ಹಿಡಿಯಿರಿ. ಹಿಂದೆ ಯಾವ ಹಾಡೂ ಹಾಕಬೇಡಿ.