ನಂಜಿನ ಲೆಕ್ಕವೂ ಗೋಡೆಯ ಮೇಲೆ ಬರಲಿ

"ಕೊರೊನಾ ಬಂದು ಹೋದರು." "ಹಂದಿಜ್ವರ ಬಂದಿತ್ತು, ಉಳಿಯಲಿಲ್ಲ." ಪುಣೆಯ ಎಷ್ಟೋ ಮನೆಗಳಲ್ಲಿ ಸಾವಿನ ಕಥೆ ಇಷ್ಟಕ್ಕೇ ಮುಗಿಯುತ್ತದೆ. ಸ್ವಲ್ಪ ಹೊತ್ತು ಕೂತು ಕೇಳಿದರೆ ಇನ್ನೊಂದು ಮಾತು ಹೊರಬರುತ್ತದೆ: "ಮೊದಲ ವಾರ ಚೇತರಿಸಿಕೊಳ್ಳುತ್ತಿದ್ದರು, ಆಮೇಲೆ ರಕ್ತಕ್ಕೆ ನಂಜೇರಿತು ಅಂದರು." ಆ ನಂಜು ಎಲ್ಲಿಂದ ಬಂತು? ಮನೆಯವರಿಗೆ ಕೇಳಲು ತೋಚಲಿಲ್ಲ, ಹೇಳುವವರೂ ಇರಲಿಲ್ಲ. ಹೊಸ ಪ್ರಕರಣ, ಗುಣಮುಖ, ಸಾವು ಎಂದು ಪ್ರತಿ ಸಂಜೆ ಎಣಿಸಿಕೊಟ್ಟ ಸರ್ಕಾರಿ ಬುಲೆಟಿನ್‌ನಲ್ಲಿ ಅದಕ್ಕೊಂದು ಅಂಕಣವೂ ಇರಲಿಲ್ಲ.

ನನ್ನ ಬೇಡಿಕೆ ಒಂದೇ. ಐಸಿಯು ನಡೆಸುವ ಪ್ರತಿಯೊಂದು ಆಸ್ಪತ್ರೆಯೂ ತನ್ನಲ್ಲಿ ದಾಖಲಾದ ಮೇಲೆ ಎಷ್ಟು ರೋಗಿಗಳ ರಕ್ತಕ್ಕೆ ಬ್ಯಾಕ್ಟೀರಿಯಾ ಸೇರಿತು ಎಂಬುದನ್ನು ಮೂರು ತಿಂಗಳಿಗೊಮ್ಮೆ ಜನರ ಮುಂದಿಡಬೇಕು. ಆಸ್ಪತ್ರೆಯ ಹೆಸರಿನೊಂದಿಗೇ ಇಡಬೇಕು. ಇದನ್ನು ಅವರವರ ಮರ್ಜಿಗೆ ಬಿಡದೆ ಕಾನೂನು ಮಾಡಬೇಕು.

ವೈರಸ್ ಜ್ವರದ ಹಿಂದೆಯೇ ಬ್ಯಾಕ್ಟೀರಿಯಾ ಬರುವುದು ಹೊಸ ಸಂಗತಿಯಲ್ಲ. ಇನ್‌ಫ್ಲುಯೆಂಜಾ ವೈರಸ್ ಶ್ವಾಸನಾಳದ ಒಳಪದರವನ್ನು ಸುಲಿದುಹಾಕುತ್ತದೆ. ಕಫವನ್ನು ಮೇಲಕ್ಕೆ ತಳ್ಳುವ ಸೂಕ್ಷ್ಮ ರೋಮಗಳು ನಾಶವಾಗುತ್ತವೆ, ಶ್ವಾಸಕೋಶದ ಕಾವಲು ಕಣಗಳು ಸೋಲುತ್ತವೆ. ಅಲ್ಲಿಯವರೆಗೆ ಮೂಗು ಗಂಟಲಲ್ಲಿ ತಣ್ಣಗಿದ್ದ ನ್ಯುಮೊಕಾಕಸ್, ಸ್ಟ್ಯಾಫಿಲೊಕಾಕಸ್‌ಗಳಿಗೆ ಬಾಗಿಲು ತೆರೆದಂತಾಗುತ್ತದೆ. 1918ರ ಮಹಾಮಾರಿಯಲ್ಲಿ ಸತ್ತವರ ಶ್ವಾಸಕೋಶದ ಸಂರಕ್ಷಿತ ತುಣುಕುಗಳನ್ನು ಅಮೆರಿಕದ ವಿಜ್ಞಾನಿಗಳು 2008ರಲ್ಲಿ ಮತ್ತೆ ಪರೀಕ್ಷಿಸಿದರು. ಬಹುಪಾಲು ಸಾವುಗಳಲ್ಲಿ ಕೊನೆಯ ಪೆಟ್ಟು ಕೊಟ್ಟದ್ದು ಬ್ಯಾಕ್ಟೀರಿಯಾದ ನ್ಯುಮೋನಿಯಾ ಎಂಬ ತೀರ್ಮಾನಕ್ಕೆ ಬಂದರು.

1918ರಲ್ಲಿ ಆ ನಂಜು ರೋಗಿಯ ಗಂಟಲಿನಿಂದ ಬರುತ್ತಿತ್ತು. 2020ರಲ್ಲಿ ಹೆಚ್ಚಾಗಿ ಬಂದದ್ದು ಆಸ್ಪತ್ರೆಯೊಳಗಿಂದ. ಐಸಿಎಂಆರ್ ಜಾಲದ ಹತ್ತು ಆಸ್ಪತ್ರೆಗಳಲ್ಲಿ ಆ ವರ್ಷದ ಜೂನ್‌ನಿಂದ ಆಗಸ್ಟ್‌ವರೆಗೆ ದಾಖಲಾದ 17,534 ಕೋವಿಡ್ ರೋಗಿಗಳ ಅಧ್ಯಯನ ಇದನ್ನು ತೋರಿಸಿತು. ಎರಡನೆಯ ಸೋಂಕು ತಗುಲಿದ್ದು ಶೇ 3.6 ಮಂದಿಗೆ ಮಾತ್ರ. ಆದರೆ ಒಟ್ಟು ರೋಗಿಗಳಲ್ಲಿ ಸತ್ತವರು ಶೇ 10.6 ಆಗಿದ್ದರೆ, ಸೋಂಕು ತಗುಲಿದವರಲ್ಲಿ ಸತ್ತವರು ಶೇ 56.7. ಹೆಚ್ಚು ದಿನ ಐಸಿಯುನಲ್ಲಿ ಇರುವವರೇ ಹೆಚ್ಚು ಕಾಯಿಲೆಯವರು, ಹಾಗಾಗಿ ಆ ಸಾವುಗಳನ್ನೆಲ್ಲ ಸೋಂಕಿನ ತಲೆಗೇ ಕಟ್ಟಲಾಗದು ಎಂಬುದನ್ನು ಒಪ್ಪೋಣ. ಆದರೂ ಸಿಕ್ಕ ರೋಗಾಣುಗಳು ಯಾವುವು ನೋಡಿ: ಕ್ಲೆಬ್ಸಿಯೆಲ್ಲಾ, ಅಸಿನೆಟೊಬ್ಯಾಕ್ಟರ್. ಇವು ವೆಂಟಿಲೇಟರ್ ಕೊಳವೆಯಲ್ಲಿ, ಕುತ್ತಿಗೆಗೆ ಹಾಕಿದ ಸೆಂಟ್ರಲ್ ಲೈನ್‌ನಲ್ಲಿ, ಬದಲಾಯಿಸದ ಕೈಗವಸಿನಲ್ಲಿ ಕಾಯುವ ವಾರ್ಡಿನ ನಿವಾಸಿಗಳು. ಅಸಿನೆಟೊಬ್ಯಾಕ್ಟರ್‌ನಲ್ಲಿ ಶೇ 92.6ರಷ್ಟು ಮೆರೊಪೆನಂ ಗುಂಪಿನ ಔಷಧಗಳಿಗೂ ಜಗ್ಗಲಿಲ್ಲ.

ನಂಜು ಎಲ್ಲಿಂದ ಬಂತೆಂಬ ಪ್ರಶ್ನೆಯನ್ನು ಪುಣೆಯಲ್ಲಿ ನಿಂತೇ ಕೇಳಬೇಕು. 1952ರಲ್ಲಿ ಇಲ್ಲಿ ಹುಟ್ಟಿದ ವೈರಸ್ ಸಂಶೋಧನಾ ಕೇಂದ್ರವೇ ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆ. 1957ರಲ್ಲಿ ಶಿವಮೊಗ್ಗದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ಹೊಸ ವೈರಸ್ಸನ್ನು ಗುರುತಿಸಿದವರು ಈ ಕೇಂದ್ರದವರೇ. ಪಕ್ಕದ ಪಿಂಪ್ರಿಯಲ್ಲಿ 1954ರಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಆ್ಯಂಟಿಬಯೋಟಿಕ್ಸ್ ಕಂಪನಿ ದೇಶಕ್ಕೆ ಅಗ್ಗದ ಪೆನಿಸಿಲಿನ್ ಕೊಟ್ಟಿತು. ನಮ್ಮ ಕರ್ನಾಟಕದವರೇ ಆದ ಎಂ.ಜೆ. ತಿರುಮಲಾಚಾರ್ ಅಲ್ಲಿ ಸಂಶೋಧನೆ ನಡೆಸಿ ಹ್ಯಾಮೈಸಿನ್ ಎಂಬ ಶಿಲೀಂಧ್ರನಾಶಕವನ್ನು ಹೊರತಂದರು. ವೈರಸ್ ಹಿಡಿಯುವ ಪ್ರಯೋಗಾಲಯವೂ ಬ್ಯಾಕ್ಟೀರಿಯಾ ಕೊಲ್ಲುವ ಔಷಧದ ಕಾರ್ಖಾನೆಯೂ ಒಂದೇ ಊರಿನಲ್ಲಿ ಬೆಳೆದವು. ಎಚ್1ಎನ್1 ಹಂದಿಜ್ವರದಿಂದ ದೇಶದ ಮೊದಲ ಸಾವು, 14 ವರ್ಷದ ಶಾಲಾ ಬಾಲಕಿಯದು, 2009ರ ಆಗಸ್ಟ್ 3ರಂದು ಇದೇ ಊರಲ್ಲಿ ಸಂಭವಿಸಿತು. ನಾಯ್ಡು ಆಸ್ಪತ್ರೆಯ ಮುಂದೆ ಮಾಸ್ಕ್ ಕಟ್ಟಿಕೊಂಡು ಸಾಲು ನಿಂತ ಜನರನ್ನು ದೇಶವೇ ಟೀವಿಯಲ್ಲಿ ನೋಡಿತು. ಮಹಾರಾಷ್ಟ್ರದ ಮೊದಲ ಕೋವಿಡ್ ರೋಗಿಗಳು 2020ರ ಮಾರ್ಚ್‌ನಲ್ಲಿ ದಾಖಲಾದದ್ದೂ ಅಲ್ಲಿಗೇ. ಇಷ್ಟು ಕಂಡ ಊರಿನಲ್ಲೂ, ಯಾವ ಐಸಿಯುನಲ್ಲಿ ಎಷ್ಟು ಜನರ ರಕ್ತಕ್ಕೆ ನಂಜೇರಿತು ಎಂದು ಕೇಳಿದರೆ ನಾಗರಿಕನೊಬ್ಬನಿಗೆ ಉತ್ತರ ಸಿಗುವುದಿಲ್ಲ.

ಕೋವಿಡ್ ಬಂದಾಗ ನಾವು ಹಾಸಿಗೆ ಎಣಿಸಿದೆವು. ಎಂಜಿನಿಯರಿಂಗ್ ಕಾಲೇಜಿನ ಮೈದಾನದಲ್ಲಿ ಕೆಲವೇ ವಾರಗಳಲ್ಲಿ 800 ಹಾಸಿಗೆಯ ಜಂಬೋ ಆಸ್ಪತ್ರೆ ಎದ್ದು ನಿಂತಿತು. ಹಾಸಿಗೆ ತಂದಷ್ಟು ಬೇಗ ತರಬೇತಾದ ಸ್ಟಾಫ್ ನರ್ಸನ್ನು ತರಲಾಗುವುದಿಲ್ಲ. ಒಬ್ಬ ನರ್ಸ್ ಎಂಟು ಹತ್ತು ರೋಗಿಗಳ ನಡುವೆ ಓಡುತ್ತಿದ್ದರೆ ಪ್ರತಿ ಬಾರಿ ಕೈ ತೊಳೆಯಲು ಅವರಿಗೆ ಪುರುಸೊತ್ತೆಲ್ಲಿ? ತಪ್ಪು ಅವರದಲ್ಲ, ಅಷ್ಟು ಕಡಿಮೆ ಜನರನ್ನು ನೇಮಿಸಿದವರದು. ಸಂಖ್ಯೆ ಹೊರಬಂದರೆ ಈ ಹೊಣೆ ಯಾರದೆಂದೂ ಹೊರಬರುತ್ತದೆ. ಮುಚ್ಚಿಡುವ ಆಸಕ್ತಿ ಇರುವುದು ಅದಕ್ಕೇ.

ಲೆಕ್ಕ ಇಡದ ಕಡೆ ಭಯ ಆಳುತ್ತದೆ. ಆಸ್ಪತ್ರೆ ಸೇರಿದ ಕೋವಿಡ್ ರೋಗಿಗಳಲ್ಲಿ ಬ್ಯಾಕ್ಟೀರಿಯಾ ಸೋಂಕಿಗೆ ಆ್ಯಂಟಿಬಯೋಟಿಕ್ ನಿಜಕ್ಕೂ ಬೇಕಿದ್ದದ್ದು ಶೇ 8 ಮಂದಿಗೆ, ಕೊಟ್ಟದ್ದು ಸುಮಾರು ಶೇ 75 ಮಂದಿಗೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಹೇಳಿತು. ಮೊದಲ ದಿನವೇ ದೊಡ್ಡ ಔಷಧ ಸುರಿದರೆ ಹತ್ತನೆಯ ದಿನ ನಿಜವಾದ ನಂಜು ಬಂದಾಗ ಬತ್ತಳಿಕೆ ಖಾಲಿ. ಹಾಗೆಂದು ನಂಜಿನ ಲಕ್ಷಣ ಕಂಡಾಗ ಔಷಧ ತಡೆಹಿಡಿಯಿರಿ ಎನ್ನುತ್ತಿಲ್ಲ. ತಡ ಮಾಡಿದರೆ ಜೀವ ಹೋಗುತ್ತದೆ. ಮೊದಲ ಡೋಸಿಗೆ ಮುನ್ನ, ರಕ್ತದಲ್ಲಿ ಯಾವ ಬ್ಯಾಕ್ಟೀರಿಯಾ ಇದೆಯೆಂದು ಬೆಳೆಸಿ ನೋಡುವ ಬ್ಲಡ್ ಕಲ್ಚರ್ ಬಾಟಲಿಗಳಿಗೆ ರಕ್ತ ತೆಗೆದಿಡಿ, 48 ಗಂಟೆಯ ಬಳಿಕ ವರದಿ ನೋಡಿ ಔಷಧ ಬದಲಿಸಿ ಅಥವಾ ನಿಲ್ಲಿಸಿ. ಕೆಲವು ನಿಮಿಷದ ಕೆಲಸ ಇದು. "ರೋಗಿ ಸತ್ತರೆ ಮನೆಯವರು ನನ್ನನ್ನು ಬಿಡುತ್ತಾರೆಯೇ?" ಎಂಬ ವೈದ್ಯರ ಭಯ ನಿಜವಾದದ್ದು. ಆ ಭಯಕ್ಕೆ ಉತ್ತರ ಕೈಯಲ್ಲಿರುವ ಕಲ್ಚರ್ ವರದಿ.

ಸಂಖ್ಯೆ ಪ್ರಕಟಿಸಿ ಎಂದೊಡನೆ ಮೂರು ಆಕ್ಷೇಪ ಏಳುತ್ತವೆ. ಮೊದಲನೆಯದು, ರೋಗಿ ಸೋಂಕು ಹೊತ್ತೇ ಬಂದರೆ ಆಸ್ಪತ್ರೆಯೇನು ಮಾಡೀತು? ದಾಖಲಾಗಿ 48 ಗಂಟೆ ದಾಟಿದ ಮೇಲೆ ಕಾಣಿಸಿಕೊಂಡದ್ದನ್ನು ಮಾತ್ರ ಆಸ್ಪತ್ರೆಯ ಲೆಕ್ಕಕ್ಕೆ ಹಾಕುವ ನಿಯಮ ಜಗತ್ತಿನಲ್ಲೆಲ್ಲ ಇದೆ. ಎರಡನೆಯದು, ಹೆಸರು ಕೆಡುತ್ತದೆಂದು ಆಸ್ಪತ್ರೆಗಳು ಕಲ್ಚರ್ ಮಾಡುವುದನ್ನೇ ಬಿಟ್ಟಾವು. ಇದು ತೂಕದ ಮಾತು. ಆದ್ದರಿಂದ ಸೋಂಕಿನ ಸಂಖ್ಯೆಯ ಪಕ್ಕದಲ್ಲಿ ಎಷ್ಟು ಕಲ್ಚರ್ ಮಾಡಿದಿರಿ ಎಂಬ ಸಂಖ್ಯೆಯೂ ಇರಲೇಬೇಕು. ಕಲ್ಚರನ್ನೇ ಮಾಡದೆ ಸೊನ್ನೆ ತೋರಿಸುವ ಆಸ್ಪತ್ರೆಯ ಬಣ್ಣ ಅಲ್ಲಿಯೇ ಬಯಲಾಗುತ್ತದೆ. ಮೂರನೆಯದು, ಸಣ್ಣ ನರ್ಸಿಂಗ್ ಹೋಮ್‌ಗಳಿಗೆ ಲ್ಯಾಬ್ ಎಲ್ಲಿದೆ? ಇಲ್ಲ, ನಿಜ. ಜಿಲ್ಲಾ ಆಸ್ಪತ್ರೆ ಮತ್ತು ವೈದ್ಯಕೀಯ ಕಾಲೇಜುಗಳ ಲ್ಯಾಬ್‌ಗಳನ್ನು ಅವರಿಗೆ ತೆರೆಯುವುದು ಸರ್ಕಾರದ ಕೆಲಸ.

ಇಂಗ್ಲೆಂಡಿನಲ್ಲಿ 2001ರಿಂದ ರಕ್ತಕ್ಕೆ ಸೇರುವ ಎಂಆರ್‌ಎಸ್‌ಎ (ಔಷಧಕ್ಕೆ ಜಗ್ಗದ ಸ್ಟ್ಯಾಫಿಲೊಕಾಕಸ್) ಸೋಂಕಿನ ವರದಿ ಕಡ್ಡಾಯವಾಯಿತು, ಅಂಕಿಗಳು ಹೆಸರಿನೊಂದಿಗೆ ಹೊರಬಂದವು. 2008ರೊಳಗೆ ಅರ್ಧಕ್ಕೆ ಇಳಿಸಬೇಕೆಂದು 2004ರಲ್ಲಿ ಗುರಿ ಹಾಕಿಕೊಂಡರು, ಮುಟ್ಟಿದರು. ಅಲ್ಲಿ ಹೊಸ ಔಷಧವೇನೂ ಪವಾಡ ಮಾಡಲಿಲ್ಲ. ಕೈ ತೊಳೆದರು, ಲೈನ್‌ಗಳನ್ನು ಶುಚಿಯಾಗಿ ಹಾಕಿದರು, ಬೇಡವಾದೊಡನೆ ತೆಗೆದರು. ನಮ್ಮಲ್ಲಿಯೂ ಎಣಿಸಲು ಬರುತ್ತದೆ. ದೇಶದ 54 ಆಸ್ಪತ್ರೆಗಳ ಜಾಲವೊಂದು ಏಳು ವರ್ಷ ಎಣಿಸಿ, ಸೆಂಟ್ರಲ್ ಲೈನ್ ಇದ್ದ ಪ್ರತಿ 1,000 ದಿನಕ್ಕೆ 8.83 ರಕ್ತಸೋಂಕು ಎಂಬ ಲೆಕ್ಕ ಕೊಟ್ಟಿದೆ. ಅದು ವಿಜ್ಞಾನಿಗಳ ಪತ್ರಿಕೆಗೆ ತಲುಪಿತು. ರೋಗಿಯ ಮನೆಯವರಿಗೆ ತಲುಪಬೇಕಾದದ್ದು ತಾವು ನಿಂತಿರುವ ಆಸ್ಪತ್ರೆಯ ಸಂಖ್ಯೆ.

ಕಾನೂನಿಗೆ ದಾರಿಯೂ ಇದೆ. ಕರ್ನಾಟಕದಲ್ಲಿ 2017ರಲ್ಲಿ ಖಾಸಗಿ ಆಸ್ಪತ್ರೆಗಳನ್ನು ನಿಯಂತ್ರಿಸುವ ಕೆಪಿಎಂಇ ಕಾಯ್ದೆ ತಿದ್ದುವಾಗ ಖಾಸಗಿ ವೈದ್ಯರು ಮುಷ್ಕರ ಹೂಡಿದರು, ಆಸ್ಪತ್ರೆಗಳು ಮುಚ್ಚಿಹೋಗುತ್ತವೆ ಎಂದರು. ತಿದ್ದುಪಡಿ ಬಂತು, ಆಸ್ಪತ್ರೆಗಳು ನಡೆಯುತ್ತಿವೆ. ಮಹಾರಾಷ್ಟ್ರ 2021ರಲ್ಲಿ ನರ್ಸಿಂಗ್ ಹೋಮ್ ನಿಯಮಗಳನ್ನು ತಿದ್ದಿ ದರಪಟ್ಟಿಯನ್ನೂ ರೋಗಿಗಳ ಹಕ್ಕುಗಳನ್ನೂ ಕಾಣುವಂತೆ ಹಾಕಲು ಹೇಳಿತು. ಎರಡೂ ರಾಜ್ಯಗಳು ಇನ್ನೊಂದು ನಿಯಮ ಸೇರಿಸಿದರೆ ಸಾಕು. ಮುಂದಿನ ವೈರಸ್ ಬಂದ ಮೇಲೆ ಎಚ್ಚೆತ್ತರೆ, ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ.

ಐಸಿಯು ಬಾಗಿಲಲ್ಲಿ ನಿಂತು, ಕೈ ನಡುಗುತ್ತಿದ್ದರೂ ಸಮ್ಮತಿ ಪತ್ರಕ್ಕೆ ಸಹಿ ಹಾಕುವ ಮಗಳಿಗೆ ಇಂದು ಹಾಸಿಗೆಯ ದಿನದ ಬಾಡಿಗೆ ಎಷ್ಟೆಂದು ಗೋಡೆ ನೋಡಿದರೆ ತಿಳಿಯುತ್ತದೆ. ಅದೇ ಹಾಸಿಗೆಯಲ್ಲಿ ತನ್ನ ತಂದೆಗೆ ಇನ್ನೊಂದು ಕಾಯಿಲೆ ಅಂಟುವ ಸಾಧ್ಯತೆ ಎಷ್ಟೆಂಬುದೂ ಅದೇ ಗೋಡೆಯ ಮೇಲೆ ತಿಳಿಯಬೇಕು.