ಶೂನ್ಯ ಸುಂಕ ಮತ್ತು ಅದರ ಷರತ್ತುಗಳು

ಬಡ ದೇಶಗಳ ಸರಕಿಗೆ ಶ್ರೀಮಂತ ದೇಶಗಳು ಆಮದು ಸುಂಕ ತಗ್ಗಿಸಬೇಕು, ಪ್ರತಿಯಾಗಿ ಏನನ್ನೂ ಕೇಳಬಾರದು ಎಂಬ ತತ್ವಕ್ಕೆ 1968ರಲ್ಲಿ ದೆಹಲಿಯಲ್ಲಿ ಸೇರಿದ್ದ ವಿಶ್ವಸಂಸ್ಥೆಯ ವಾಣಿಜ್ಯ ಮತ್ತು ಅಭಿವೃದ್ಧಿ ಸಮ್ಮೇಳನ ಒಪ್ಪಿಗೆ ಕೊಟ್ಟಿತು. ಯುರೋಪಿನಲ್ಲಿ 1971ರಿಂದ, ಅಮೆರಿಕದಲ್ಲಿ 1976ರಿಂದ ಇದು ಜಾರಿಗೆ ಬಂತು. ಆದರೆ ಸುಂಕ ಎಷ್ಟು ಇಳಿಯಿತು ಎಂದು ನೋಡಿದರೆ ರಿಯಾಯಿತಿಯ ನಿಜವಾದ ಬೆಲೆ ತಿಳಿಯುವುದಿಲ್ಲ. ಯಾವ ಸರಕು ಪಟ್ಟಿಯಲ್ಲಿದೆ, ಅದರ ಮೂಲ ದೇಶ ಯಾವುದೆಂದು ಹೇಗೆ ನಿರ್ಧರಿಸುತ್ತಾರೆ, ರಿಯಾಯಿತಿ ಎಷ್ಟು ದಿನ ಉಳಿಯುತ್ತದೆ ಎಂದು ಕೇಳಬೇಕು. ಅಮೆರಿಕದ ಪಟ್ಟಿಯಿಂದ ಸಿದ್ಧ ಉಡುಪುಗಳು ಮೊದಲಿನಿಂದಲೂ ಬಹುಪಾಲು ಹೊರಗೇ ಉಳಿದವು. ಬಡ ದೇಶ ಅಗ್ಗವಾಗಿ ಮಾಡಬಲ್ಲದ್ದು ಅದನ್ನೇ! ಹಾಗಾಗಿ ಗಾರ್ಮೆಂಟ್ ಕಾರ್ಖಾನೆಗಳಿದ್ದ ರಾಣಾ ಪ್ಲಾಜಾ ಕಟ್ಟಡ ಕುಸಿದು ಸಾವಿರಕ್ಕೂ ಹೆಚ್ಚು ಕಾರ್ಮಿಕರು ಸತ್ತ ಮೇಲೆ, 2013ರಲ್ಲಿ ಅಮೆರಿಕ ಬಾಂಗ್ಲಾದೇಶದ ರಿಯಾಯಿತಿಯನ್ನು ಅಮಾನತು ಮಾಡಿದಾಗ ಗಾರ್ಮೆಂಟ್ ಮಾಲೀಕರಿಗೆ ನೇರವಾಗಿ ಏನೂ ತಟ್ಟಲಿಲ್ಲ.

ಯುರೋಪು 2001ರಿಂದ ಅತಿ ಹಿಂದುಳಿದ ದೇಶಗಳಿಗೆ ಶಸ್ತ್ರಾಸ್ತ್ರ ಬಿಟ್ಟು ಉಳಿದೆಲ್ಲಕ್ಕೂ ಬಾಗಿಲು ತೆರೆಯಿತು. ಆದರೂ ಹೊರಗಿನ ಬಟ್ಟೆ ತಂದು ಢಾಕಾದಲ್ಲಿ ಹೊಲಿದ ಅಂಗಿಗೆ ಸಾಮಾನ್ಯವಾಗಿ ಸುಂಕ ತಪ್ಪುತ್ತಿರಲಿಲ್ಲ. ಬಟ್ಟೆಯೂ ಅಲ್ಲೇ ತಯಾರಾಗಬೇಕಿತ್ತು. 2011ರಲ್ಲಿ ಹೊಲಿಗೆಯೊಂದಿದ್ದರೆ ಸಾಕು ಎಂದು ನಿಯಮ ಸಡಿಲಿಸಿದ ಮೇಲೆ ನೇಯ್ದ ಬಟ್ಟೆಯ ಉಡುಪುಗಳ ರಫ್ತು ಜಿಗಿಯಿತು. ಸುಂಕದ ದರ ಅದೇ ಸೊನ್ನೆ, ಬದಲಾದದ್ದು ನಿಯಮ. ಇಷ್ಟು ಸಡಿಲಿಸಿದರೆ ದೇಶ ಬರೀ ಹೊಲಿಗೆಯಂಗಡಿಯಾಗಿ ಉಳಿಯುತ್ತದೆ ಎಂಬ ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ. ಟೀ ಶರ್ಟಿನಂಥ ಹೆಣಿಗೆ ಉಡುಪುಗಳಿಗೆ ಬೇಕಾದ ನೂಲು, ಬಟ್ಟೆಗಳ ಗಿರಣಿಗಳು ಬಾಂಗ್ಲಾದೇಶದಲ್ಲಿ ಬೆಳೆಯಲು ಹಳೆಯ ಬಿಗಿ ನಿಯಮವೂ ಒತ್ತಾಸೆಯಾಗಿತ್ತು. ಆದರೆ ನೇಯ್ಗೆ ಗಿರಣಿಗೆ ಬೇಕಾದ ಬಂಡವಾಳವೇ ಇಲ್ಲದ ದೇಶಕ್ಕೆ ಬಿಗಿ ನಿಯಮವೆಂದರೆ ರಿಯಾಯಿತಿಯೇ ಇಲ್ಲವೆಂದಂತೆ.

ಕಾರ್ಮಿಕರ ಹಕ್ಕಿಗೆ ಒತ್ತಡ ಹಾಕಲು ರಿಯಾಯಿತಿ ಹಿಂಪಡೆಯುವ ಅಧಿಕಾರ ಬೇಕು ಎನ್ನುವವರಿದ್ದಾರೆ. ಕಾರಣ ಸ್ಪಷ್ಟವಾಗಿ ಬರೆದಿದ್ದರೆ ಒಪ್ಪೋಣ. ಆದರೆ ಕೊಡುವವರ ಇಷ್ಟಕ್ಕೆ ಬಿಟ್ಟ ಅಧಿಕಾರ ಅಲ್ಲಿಗೇ ನಿಲ್ಲುವುದಿಲ್ಲ. ತನ್ನ ಸರಕಿಗೆ ಸಾಕಷ್ಟು ಮಾರುಕಟ್ಟೆ ಒದಗಿಸಲಿಲ್ಲ ಎಂಬ ಕಾರಣಕ್ಕೆ ಅಮೆರಿಕ 2019ರ ಜೂನ್ 5ರಂದು ಭಾರತವನ್ನು ಕೈಬಿಟ್ಟಿತು. ಪ್ರತಿಫಲ ಕೇಳಬಾರದೆಂಬ ಮಾತು ಎಲ್ಲಿ ಹೋಯಿತೋ! 2020ರ ಕೊನೆಗೆ ಅಮೆರಿಕದ ಇಡೀ ರಿಯಾಯಿತಿ ಯೋಜನೆಯ ಅವಧಿಯೇ ಮುಗಿಯಿತು. ಇಂಥ ಭರವಸೆಯ ಮೇಲೆ ಹತ್ತು ವರ್ಷದ ಸಾಲ ಮಾಡಿ ಕಾರ್ಖಾನೆ ಕಟ್ಟುವವರು ಯಾರು?

ಭಾರತ ಈಗ ಕೊಡುವ ಸ್ಥಾನದಲ್ಲೂ ಇದೆ. ಬಾಂಗ್ಲಾದೇಶದ ಉಡುಪಿಗೆ 2011ರಲ್ಲಿ ಸುಂಕ ತೆಗೆದಿತ್ತು. 2025ರ ಮೇ ತಿಂಗಳಲ್ಲಿ ಅದೇ ಉಡುಪು ಭೂಗಡಿಗಳ ಮೂಲಕ ಬರುವುದನ್ನು ನಿಷೇಧಿಸಿ, ಕೋಲ್ಕತ್ತ ಮತ್ತು ನ್ಹಾವಾ ಶೇವಾ ಬಂದರುಗಳನ್ನಷ್ಟೇ ಉಳಿಸಿತು. ಸುಂಕದ ಸೊನ್ನೆಯನ್ನು ಮಾತ್ರ ಯಾರೂ ಮುಟ್ಟಲಿಲ್ಲ.